ಗುಲ್ಮಾರ್ಗದಲ್ಲಿ ಕಾಯಲು ಕಲಿಯಿರಿ

ಶ್ರೀನಗರದಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವವರು ನೋಡುವ ಗುಲ್ಮಾರ್ಗ ಒಂದು, ಅಲ್ಲೇ ವಾರವಿಡೀ ಉಳಿದು ಸ್ಕೀ ಕಲಿಯುವವರು ನೋಡುವ ಗುಲ್ಮಾರ್ಗ ಇನ್ನೊಂದು. ಮೊದಲನೆಯದನ್ನು ನಮ್ಮ ಕಡೆಯವರು ಬಹಳ ಮಂದಿ ಕಂಡು ಬಂದಿದ್ದಾರೆ. ತಂಗ್‌ಮಾರ್ಗದಲ್ಲಿ ಗಾಡಿ ಬದಲಿಸಿ, ಬಾಡಿಗೆಯ ಗಂಬೂಟು, ಓವರ್‌ಕೋಟು ತೊಟ್ಟು, ಗೊಂಡೋಲಾ ಎಂಬ ಕೇಬಲ್ ಕಾರು ಹತ್ತಿ ಫೋಟೊ ತೆಗೆಸಿಕೊಂಡು, ಸ್ಲೆಡ್ಜ್ ಮೇಲೆ ಒಂದು ಸುತ್ತು ಹಾಕಿ, ಕತ್ತಲಾಗುವುದರೊಳಗೆ ದಾಲ್ ಸರೋವರದ ದಡ ಸೇರುವ ಪ್ರವಾಸ ಅದು. ಹಿಮವನ್ನು ಮೊದಲ ಸಲ ಮುಟ್ಟುವ ಮಕ್ಕಳ ಮುಖ ನೋಡಲಿಕ್ಕಾದರೂ ಆ ಒಂದು ದಿನ ಸಾರ್ಥಕ. ಆದರೆ ಅದೇ ಐದಾರು ಗಂಟೆಗಳ ನಡುವೆ ಅರ್ಧ ಗಂಟೆ ಸ್ಕೀ ಕಟ್ಟಿಕೊಂಡು, ಹತ್ತು ಮಾರು ಜಾರಿ ಬಿದ್ದು, ‘ಇದು ನಮ್ಮಂಥವರಿಗೆ ಹೇಳಿದ್ದಲ್ಲ’ ಎಂದು ತೀರ್ಮಾನಿಸಿ ಹಿಂದಿರುಗುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಅವರಿಗೆ ಬೇಕಿದ್ದದ್ದು ಇನ್ನೂ ನಾಲ್ಕು ದಿನ, ಅಷ್ಟೆ.

ಗುಲ್ಮಾರ್ಗಕ್ಕೆ ಮತ್ತೆ ಮತ್ತೆ ಹೋಗುವವರನ್ನು ಒಳಗುಟ್ಟು ಏನೆಂದು ಕೇಳಿದರೆ ಗುಪ್ತ ಇಳಿಜಾರುಗಳ ಹೆಸರನ್ನೋ ಅಗ್ಗದ ಹೋಟೆಲಿನ ವಿಳಾಸವನ್ನೋ ಅವರು ಮೊದಲು ಹೇಳುವುದಿಲ್ಲ. ಹಿಂದಿರುಗುವ ವಿಮಾನದ ಟಿಕೆಟ್ಟಿಗೂ ಪಾಠದ ಕೊನೆಯ ದಿನಕ್ಕೂ ನಡುವೆ ಎರಡು ದಿನ ಖಾಲಿ ಬಿಟ್ಟುಕೊಳ್ಳಿ ಎನ್ನುತ್ತಾರೆ. ಇಲ್ಲಿ ಗಾಳಿ ನಿಲ್ಲಲೆಂದು ಕಾಯಬೇಕು, ಹಿಮ ಬೀಳಲೆಂದು ಕಾಯಬೇಕು, ಬಿದ್ದ ಹಿಮ ನೆಲೆಯಾಗಿ ಕೂರಲೆಂದೂ ಕಾಯಬೇಕು, ಕೊನೆಗೆ ನಮ್ಮದೇ ಕಾಲು ಮಾತು ಕೇಳಲೆಂದು ಕಾಯಬೇಕು. ಈ ಕಾಯುವಿಕೆಯನ್ನು ಖರ್ಚಿನ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಂಡವರು ಸಂತೋಷದಿಂದ ಮರಳುತ್ತಾರೆ.

ಊರು ಚಿಕ್ಕದು. ಸಮುದ್ರಮಟ್ಟದಿಂದ ಸುಮಾರು 2650 ಮೀಟರ್ ಎತ್ತರದಲ್ಲಿ, ಪೀರ್ ಪಂಜಾಲ್ ಸಾಲಿನ ಮಡಿಲಲ್ಲಿ, ದೇವದಾರು ಮತ್ತು ಪೈನ್ ಕಾಡು ಸುತ್ತುವರಿದ ಬಟ್ಟಲಿನಂಥ ಒಂದು ಹುಲ್ಲುಗಾವಲು. ಬೇಸಿಗೆಯಲ್ಲಿ ಅದು ಗಾಲ್ಫ್ ಮೈದಾನ, ಚಳಿಗಾಲದಲ್ಲಿ ಬಿಳಿ ಬಯಲು. ಬ್ರಿಟಿಷ್ ಸೇನಾಧಿಕಾರಿಗಳು ಇಲ್ಲಿ ಸ್ಕೀ ಕ್ಲಬ್ ಕಟ್ಟಿದ್ದು 1927ರಲ್ಲಿ. ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಸ್ವಾತಂತ್ರ್ಯದ ಬೆನ್ನಿಗೇ ಇಲ್ಲಿ ಶುರುವಾಯಿತು. 1960ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಬಂತು. ಅದನ್ನು ಎಲ್ಲರೂ ಐಐಎಸ್‌ಎಂ ಎಂದೇ ಕರೆಯುತ್ತಾರೆ. ಆದರೆ ಊರಿನ ಹಣೆಬರಹ ಬದಲಿಸಿದ್ದು ಗೊಂಡೋಲಾ. ಫ್ರಾನ್ಸಿನ ಪೋಮಗಾಲ್‌ಸ್ಕಿ ಕಂಪನಿ ಕಟ್ಟಿದ ಈ ಕೇಬಲ್ ಕಾರಿನ ಮೊದಲ ಹಂತ 1998ರಲ್ಲಿ ಓಡಿತು. ಅದು ಕಾಂಗ್‌ಡೂರಿಗೆ, ಅಂದರೆ 3100 ಮೀಟರ್ ಆಸುಪಾಸಿಗೆ ಒಯ್ಯುತ್ತದೆ. 2005ರಲ್ಲಿ ಬಂದ ಎರಡನೇ ಹಂತ ಅಫರ್ವಾಟ್ ಬೆಟ್ಟದ ಹೆಗಲಿಗೆ, ಸುಮಾರು 3950 ಮೀಟರಿಗೆ ಮುಟ್ಟಿಸುತ್ತದೆ. ಅಲ್ಲಿಂದ ಊರಿಗೆ ಸ್ಕೀಯಲ್ಲಿ ಇಳಿದರೆ ಎತ್ತರದ ಲೆಕ್ಕದಲ್ಲಿ 1300 ಮೀಟರ್. ಇಷ್ಟು ದೊಡ್ಡ ಇಳಿಜಾರನ್ನು ಇಷ್ಟು ಸಣ್ಣ ಊರು ಒಳಗಿಟ್ಟುಕೊಂಡಿರುವುದರಿಂದಲೇ ಜಗತ್ತಿನ ಪುಡಿಹಿಮದ ಹುಚ್ಚರು ಚಳಿಗಾಲದಲ್ಲಿ ಇಲ್ಲಿಗೆ ಬಂದು ಬಿಡಾರ ಹೂಡುತ್ತಾರೆ.

ಹೊಸಬರು ತಪ್ಪದೆ ಎಡವುವುದು ಇಲ್ಲೇ. ಎರಡನೇ ಹಂತದ ಟಿಕೆಟ್ ದುಬಾರಿ, ಹೆಸರು ದೊಡ್ಡದು, ಹಾಗಾಗಿ ಅದೇ ‘ನಿಜವಾದ’ ಸ್ಕೀ ಜಾಗವಿರಬೇಕೆಂದು ಅಂದುಕೊಳ್ಳುತ್ತಾರೆ. ಆದರೆ ಮೇಲಿನ ನಿಲ್ದಾಣದ ಕೆಳಗೆ ಬೋಗುಣಿಯ ಹಾಗೆ ಹರಡಿರುವ ಆ ದೊಡ್ಡ ಇಳಿಜಾರಿನಲ್ಲಿ ಯಂತ್ರದಿಂದ ಹದಮಾಡಿದ ದಾರಿಯೇ ಇಲ್ಲ. ಅದು ಬೆಟ್ಟ ಇದ್ದ ಹಾಗೇ ಇರುವ ಜಾಗ. ವರ್ಷಗಟ್ಟಲೆ ಸ್ಕೀ ಮಾಡಿದವರಿಗೆ ಅದು ಸ್ವರ್ಗ; ಕಲಿಯಲು ಬಂದವರಿಗೆ ಅಲ್ಲಿ ಸ್ಕೀ ಕಟ್ಟಿಕೊಂಡು ಮಾಡುವ ಕೆಲಸ ಏನೂ ಇಲ್ಲ. ನೋಡಲು ಹೋಗುವುದಾದರೆ ಖಂಡಿತ ಹೋಗಿ, ಆಕಾಶ ತಿಳಿಯಾಗಿದ್ದ ದಿನ ನಂಗಾ ಪರ್ವತ ಕಾಣುತ್ತದೆ. ಕಲಿಯಲು ಬೇಕಾದದ್ದೆಲ್ಲ ಕೆಳಗೇ ಇದೆ: ಬಯಲಿನ ಅಂಚಿನ ಮೆಲ್ಲನೆಯ ಇಳಿಜಾರುಗಳು, ಸ್ಕೀ ಮೇಲೆ ನಿಂತವರನ್ನೇ ಮೇಲಕ್ಕೆ ಎಳೆದೊಯ್ಯುವ ಡ್ರ್ಯಾಗ್ ಲಿಫ್ಟ್‌ಗಳು. ಅದಾದ ಮೇಲೆ ಕಾಂಗ್‌ಡೂರಿ. ಅಲ್ಲಿಂದ ಮೇರೀಸ್ ಶೋಲ್ಡರ್‌ಗೆ ಹೋಗುವ ಚೇರ್‌ಲಿಫ್ಟ್ ಇದೆ. ಅದರ ಕೆಳಗಿನ ಇಳಿಜಾರು ನಾಲ್ಕೈದು ದಿನ ಪಳಗಿದವರಿಗೆ ಹೇಳಿ ಮಾಡಿಸಿದಂತಿದೆ.

ಬೂಟಿನಿಂದ ಶುರು

ಬಾಡಿಗೆ ಅಂಗಡಿಯಲ್ಲಿ ಎಲ್ಲರೂ ಸ್ಕೀಯನ್ನೇ ನೋಡುತ್ತಾರೆ. ಬಣ್ಣ ಚೆನ್ನಾಗಿದೆಯೇ, ಹೊಸದೇ ಎಂದು ಕೇಳುತ್ತಾರೆ. ನನ್ನ ಮಾತು ನಂಬಿ, ಆ ಹೊತ್ತನ್ನೆಲ್ಲ ಬೂಟಿಗೆ ಕೊಡಿ. ಸ್ಕೀ ಸ್ವಲ್ಪ ಹಳತಾದರೂ ಕಲಿಕೆ ನಡೆಯುತ್ತದೆ. ಬೂಟು ಸರಿಯಿಲ್ಲದಿದ್ದರೆ ಎರಡನೇ ದಿನವೇ ಕಲಿಕೆ ನಿಲ್ಲುತ್ತದೆ. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು. ಮೊದಲ ಸಲ ಹಾಕಿಕೊಂಡಾಗ ‘ಬಿಗಿಯಾಯಿತು, ಒಂದು ಸೈಜು ದೊಡ್ಡದು ಕೊಡಿ’ ಎನ್ನುವುದು ಸಹಜ. ದೊಡ್ಡದು ತೊಟ್ಟರೆ ಒಳಗೆ ಕಾಲು ಆಡುತ್ತದೆ, ಪಾದ ತಿರುಗಿಸಿದರೂ ಸ್ಕೀ ತಿರುಗುವುದಿಲ್ಲ, ಉಜ್ಜಿ ಉಜ್ಜಿ ಹಿಮ್ಮಡಿ ಬೊಬ್ಬೆಯೇಳುತ್ತದೆ. ಪರೀಕ್ಷೆ ಸುಲಭ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ತಾಕಬೇಕು. ಮಂಡಿ ಬಗ್ಗಿಸಿ ಮುಂದಕ್ಕೆ ವಾಲಿದಾಗ ಬೆರಳು ಹಿಂದೆ ಸರಿದು ಬಿಡುವಾಗಬೇಕು. ಹಿಮ್ಮಡಿ ಮೇಲೇಳಬಾರದು. ಕಾಲುಚೀಲ ಒಂದೇ ಇರಲಿ, ಮೊಣಕಾಲಿನವರೆಗೆ ಬರುವ ತೆಳುವಾದದ್ದು, ನಿಮ್ಮದೇ ಆದದ್ದು. ಚಳಿಗೆಂದು ಎರಡು ಜೊತೆ ಹಾಕಿದರೆ ಮಡಿಕೆ ಬಿದ್ದು ರಕ್ತದ ಓಟ ತಡೆದು ಕಾಲು ಇನ್ನಷ್ಟು ತಣ್ಣಗಾಗುತ್ತದೆ.

ಅಂಗಡಿಯವರು ನಿಮ್ಮ ತೂಕ ಕೇಳಿದರೆ ಸಂಕೋಚಪಡದೆ ಇದ್ದದ್ದನ್ನು ಹೇಳಿ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಷ್ಟು ಬಲಕ್ಕೆ ಬಿಟ್ಟುಕೊಳ್ಳಬೇಕು ಎಂಬುದನ್ನು ತೂಕ, ಎತ್ತರ, ಅನುಭವ ನೋಡಿಯೇ ಕೂರಿಸುವುದು. ಬಿದ್ದಾಗ ಸ್ಕೀ ಕಳಚಿಕೊಂಡರೆ ಮಂಡಿ ಉಳಿಯುತ್ತದೆ. ಕೇಳದಿದ್ದರೆ ನೀವಾಗಿಯೇ ಹೇಳಿ, ಎದುರಿಗೇ ತಿರುಪು ಸರಿಮಾಡಿಸಿ. ಇನ್ನು ಅಗಲವಾದ ಸ್ಕೀ, ಕಿರಿದಾದ ಸ್ಕೀ ಎಂಬ ಮಾತು ಕೇಳಿಬರುತ್ತದೆ. ಅಗಲದ್ದು ಹೊಸ ಹಿಮದಲ್ಲಿ ಹೂತುಹೋಗದೆ ತೇಲುತ್ತದೆ. ಕಿರಿದು ಗಟ್ಟಿ ಹಿಮದಲ್ಲಿ ಚುರುಕಾಗಿ ತಿರುಗುತ್ತದೆ. ಕಲಿಯುವವರಿಗೆ ಕಿರಿದು, ಗಿಡ್ಡದ್ದು ಸಾಕು. ಗದ್ದದ ಮಟ್ಟಕ್ಕೆ ಬಂದರೆ ಬೇಕಾದಷ್ಟಾಯಿತು. ಹೆಲ್ಮೆಟ್ ಕೇಳಿ ಪಡೆಯಿರಿ. ಜೀನ್ಸ್ ಮಾತ್ರ ಬೇಡ. ಹತ್ತಿ ಬಟ್ಟೆ ನೀರು ಕುಡಿದು ಮೈಗೆ ಹತ್ತಿಕೊಳ್ಳುತ್ತದೆ, ಗಾಳಿ ಬೀಸಿತೆಂದರೆ ತೊಡೆ ಮರಗಟ್ಟುತ್ತದೆ. ಕೈಗವಸು ನೀರು ಹೋಗದಂಥದ್ದನ್ನೇ ಊರಿನಿಂದ ತನ್ನಿ. ಬಾಡಿಗೆಗೆ ಸಿಗುವುದು ಹಿಂದಿನ ದಿನದ ಒದ್ದೆ ಆರದ್ದು.

ಕಲಿಸುವವರು ಮತ್ತು ಕಲಿಯುವ ಕಾಲು

ಗೊಂಡೋಲಾ ನಿಲ್ದಾಣದ ಹತ್ತಿರ ಗಾಡಿಯಿಳಿದ ಕೂಡಲೇ ‘ಸ್ಕೀ, ಸರ್? ಗೈಡ್, ಸರ್?’ ಎಂದು ಹತ್ತು ಮಂದಿ ಸುತ್ತಿಕೊಳ್ಳುತ್ತಾರೆ. ಇದರಿಂದ ಬೇಸತ್ತು ಊರನ್ನೇ ಬಯ್ಯುವವರಿದ್ದಾರೆ. ಒಂದು ವಿಷಯ ತಿಳಿದರೆ ಸಿಟ್ಟು ಕಡಿಮೆಯಾದೀತು. ಸ್ಲೆಡ್ಜ್ ಎಳೆಯುವವರು, ಸ್ಕೀ ಹೊರುವವರು, ಕಲಿಸುವವರು ಬಹುಪಾಲು ತಂಗ್‌ಮಾರ್ಗ ಮತ್ತು ಸುತ್ತಲಿನ ಹಳ್ಳಿಯವರು. ಕೆಲವರು ಬೆಳಿಗ್ಗೆ ಹಿಮದಲ್ಲೇ ನಡೆದು ಮೇಲೆ ಬರುತ್ತಾರೆ. ಚಳಿಗಾಲದ ಎರಡು ಮೂರು ತಿಂಗಳ ದುಡಿಮೆ ವರ್ಷದ ಮನೆ ಖರ್ಚಿನ ದೊಡ್ಡ ಪಾಲು. ಹಿಮ ಬೀಳದ ವಾರ ಅವರಿಗೆ ಸಂಪಾದನೆ ಇಲ್ಲದ ವಾರ. ದರವನ್ನು ಮೊದಲೇ ಮಾತಾಡಿ, ಒಪ್ಪದಿದ್ದರೆ ನಯವಾಗಿ ಬೇಡವೆನ್ನಿ, ಒಪ್ಪಿದ ಮೇಲೆ ಚೌಕಾಸಿ ಮಾಡಬೇಡಿ.

ಕಲಿಕೆಗೆ ಎರಡು ದಾರಿ. ಒಂದು ಐಐಎಸ್‌ಎಂನಂಥ ಸಂಸ್ಥೆಗಳ ಕೋರ್ಸು. ಪಹಲ್‌ಗಾಮಿನಲ್ಲಿ ನೆಲೆಯಿರುವ ಜವಾಹರ್ ಪರ್ವತಾರೋಹಣ ಸಂಸ್ಥೆಯೂ ಗುಲ್ಮಾರ್ಗದಲ್ಲಿ ಸ್ಕೀ ಶಿಬಿರ ನಡೆಸುತ್ತದೆ. ಪಾಠ, ಸಲಕರಣೆ, ಉಳಿಯುವ ವ್ಯವಸ್ಥೆ ಸೇರಿ ಹೊರಗಿನ ಬಾಡಿಗೆಗಿಂತ ಬಹಳ ಕಡಿಮೆಗೆ ಮುಗಿಯುತ್ತದೆ. ಶಿಸ್ತು ಇರುತ್ತದೆ, ಬೆಳಗಿನ ವ್ಯಾಯಾಮ ಇರುತ್ತದೆ, ಜೊತೆಗೆ ಬಿದ್ದು ಏಳುವ ಗೆಳೆಯರೂ ಸಿಗುತ್ತಾರೆ. ಕಾಲೇಜು ಹುಡುಗ ಹುಡುಗಿಯರಿಗೆ, ಕೈ ಬಿಗಿಯಿರುವವರಿಗೆ ನಾನು ಕಣ್ಣು ಮುಚ್ಚಿ ಸೂಚಿಸುವುದು ಇದನ್ನೇ. ಸೀಟು ಬೇಗ ತುಂಬುತ್ತದೆ, ಶರತ್ಕಾಲದಲ್ಲೇ ವಿಚಾರಿಸಬೇಕು. ಇನ್ನೊಂದು ದಾರಿ, ನೋಂದಾಯಿತ ಖಾಸಗಿ ಶಿಕ್ಷಕರನ್ನು ಗೊತ್ತುಮಾಡಿಕೊಳ್ಳುವುದು. ಹಾಗೆ ಮಾಡುವುದಾದರೆ ಗಂಟೆಯ ಲೆಕ್ಕದಲ್ಲಿ ಬೇಡ. ಒಬ್ಬರನ್ನೇ ವಾರಕ್ಕೆ ಹಿಡಿಯಿರಿ. ಮೂರನೇ ದಿನದ ಹೊತ್ತಿಗೆ ನಿಮ್ಮ ಯಾವ ಕಾಲು ಸೋಮಾರಿ, ನೀವು ಯಾವ ಕಡೆ ತಿರುಗಲು ಅಂಜುತ್ತೀರಿ ಎಂಬುದು ಅವರಿಗೆ ಗೊತ್ತಾಗಿರುತ್ತದೆ. ದಿನಕ್ಕೊಬ್ಬ ಹೊಸ ಶಿಕ್ಷಕ ಬಂದರೆ ದಿನವೂ ಮೊದಲ ಪಾಠವೇ ಆಗುತ್ತದೆ.

ಕಲಿಸುವ ಕ್ರಮ ಎಲ್ಲ ಕಡೆಯೂ ಒಂದೇ. ಮೊದಲು ಸಮತಟ್ಟಿನಲ್ಲಿ ನಡಿಗೆ. ಆಮೇಲೆ ಬೀಳುವುದು: ಪಕ್ಕಕ್ಕೆ, ಬೆಟ್ಟದ ಕಡೆಗೆ ಬೀಳಬೇಕು. ಆಮೇಲೆ ಏಳುವುದು. ಸ್ಕೀಗಳನ್ನು ಮೈಗಿಂತ ಕೆಳಗೆ, ಇಳಿಜಾರಿಗೆ ಅಡ್ಡಲಾಗಿ ತಂದುಕೊಂಡರೆ ಮಾತ್ರ ಎದ್ದು ನಿಲ್ಲಲಾಗುತ್ತದೆ, ಇಲ್ಲದಿದ್ದರೆ ಏಳುತ್ತಿರುವಾಗಲೇ ಮತ್ತೆ ಜಾರುತ್ತೀರಿ. ಅದಾದ ಮೇಲೆ ಸ್ನೋಪ್ಲೋ, ಅಂದರೆ ಎರಡೂ ಸ್ಕೀಗಳ ಮುಂತುದಿ ಹತ್ತಿರ, ಹಿಂತುದಿ ದೂರ ಇಟ್ಟು ವೇಗ ತಡೆಯುವ ಭಂಗಿ. ಶಿಕ್ಷಕರು ಅದನ್ನು ಪಿಜ್ಜಾ ಎಂದೇ ಕೂಗುತ್ತಾರೆ. ದಿನವಿಡೀ ಕಿವಿಗೆ ಬೀಳುವ ಇನ್ನೊಂದು ಕೂಗು ‘ಆಗೇ ಝುಕೋ, ಆಗೇ’. ಮುಂದಕ್ಕೆ ವಾಲು. ಕೇಳಿದಾಗ ಸರಳ, ಮಾಡಲು ಮನಸ್ಸು ಒಪ್ಪುವುದಿಲ್ಲ. ಇಳಿಜಾರು ಕಂಡ ಮೈ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಹಿಂದಕ್ಕೆ ಸರಿದಷ್ಟೂ ಸ್ಕೀಯ ಮುಂಭಾಗದ ಮೇಲಿನ ಭಾರ ಹೋಗಿ ಹಿಡಿತ ತಪ್ಪುತ್ತದೆ, ವೇಗ ಏರುತ್ತದೆ, ಭಯ ಇಮ್ಮಡಿಯಾಗುತ್ತದೆ. ಮೊಣಕಾಲಿನ ಕೆಳಗಿನ ಮೂಳೆ ಬೂಟಿನ ಮುಂಗೋಡೆಗೆ ಒತ್ತಿಕೊಂಡಿರುವುದು ಗೊತ್ತಾಗುತ್ತಿದ್ದರೆ ನೀವು ಸರಿಯಾಗಿ ನಿಂತಿದ್ದೀರಿ ಎಂದರ್ಥ. ನೋಟ ಸ್ಕೀ ತುದಿಯ ಮೇಲಿರಬಾರದು, ಹೋಗಬೇಕಾದ ಕಡೆಗಿರಬೇಕು.

ಮೂರನೇ ದಿನದ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲ ದಿನ ಉತ್ಸಾಹ, ಎರಡನೇ ದಿನ ಸಣ್ಣ ಗೆಲುವು, ಮೂರನೇ ದಿನ ಬೆಳಿಗ್ಗೆ ಮಂಚದಿಂದ ಇಳಿಯಲು ತೊಡೆ ಒಪ್ಪುವುದಿಲ್ಲ. ಬಿಟ್ಟುಹೋಗುವವರು ಬಿಟ್ಟುಹೋಗುವುದು ಆವತ್ತೇ. ಆ ದಿನ ಮಧ್ಯಾಹ್ನದವರೆಗೆ ಮಾತ್ರ ಸ್ಕೀ ಮಾಡಿ, ಉಳಿದ ಹೊತ್ತು ಮಲಗಿ. ನಾಲ್ಕನೇ ದಿನ, ಯಾವಾಗ ಎಂದು ತಿಳಿಯದ ಹಾಗೆ, ತಿರುವು ಒಂದರ ಹಿಂದೊಂದು ಕೂಡಿಕೊಳ್ಳತೊಡಗುತ್ತದೆ. ಈ ನಾಲ್ಕನೇ ದಿನಕ್ಕಾಗಿಯೇ ನಾನು ಎಲ್ಲರಿಗೂ ಉಳಿಯಿರಿ, ಉಳಿಯಿರಿ ಎಂದು ಗೋಗರೆಯುವುದು.

ತಯಾರಿ ಬೆಂಗಳೂರಿನಲ್ಲೇ ಶುರುವಾದರೆ ಮೂರನೇ ದಿನದ ನೋವು ಅರ್ಧವಾಗುತ್ತದೆ. ಹೊರಡುವ ಒಂದೂವರೆ ತಿಂಗಳ ಮೊದಲಿನಿಂದ ದಿನವೂ ಮೆಟ್ಟಿಲು ಹತ್ತಿ ಇಳಿಯಿರಿ, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂರುವ ಅಭ್ಯಾಸ ಮಾಡಿ, ಒಂಟಿಕಾಲಲ್ಲಿ ನಿಲ್ಲಿ. ಎತ್ತರಕ್ಕೂ ಮೈ ಹೊಂದಿಕೊಳ್ಳಬೇಕು. ಬೆಂಗಳೂರಿನ 900 ಚಿಲ್ಲರೆ ಮೀಟರಿನಿಂದ ನೇರ 2650ಕ್ಕೆ ಹೋದವರಿಗೆ ಮೊದಲ ರಾತ್ರಿ ತಲೆನೋವು, ನಿದ್ದೆಗೇಡು ಬರಬಹುದು. ಅಫರ್ವಾಟ್ ನಿಲ್ದಾಣದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಹತ್ತಿರ ಹತ್ತಿರ ಶೇ 40ರಷ್ಟು ಕಡಿಮೆ. ಶ್ರೀನಗರದಲ್ಲಿ ಒಂದು ರಾತ್ರಿ, ಗುಲ್ಮಾರ್ಗದಲ್ಲಿ ಒಂದು ದಿನ ಸುಮ್ಮನೆ ಅಡ್ಡಾಡಿ ಆಮೇಲೆ ಮೇಲೆ ಹೋಗಿ. ನೀರು ಕುಡಿಯುತ್ತಿರಿ, ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ.

ಹಿಮದ ಪದರು

ಇಲ್ಲಿಯ ಹಿಮ ಮೆಡಿಟರೇನಿಯನ್ ಕಡೆಯಿಂದ ಹೊರಟುಬರುವ ಪಶ್ಚಿಮದ ಮಾರುತಗಳ ಕೊಡುಗೆ. ಹವಾಮಾನ ವರದಿಯಲ್ಲಿ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎಂಬ ಮಾತು ಕಂಡರೆ ಗುಲ್ಮಾರ್ಗದವರ ಕಣ್ಣು ಹೊಳೆಯುತ್ತದೆ. ಪೀರ್ ಪಂಜಾಲ್ ಆ ತೇವವನ್ನು ತಡೆದು ಇಳಿಸಿಕೊಳ್ಳುತ್ತದೆ. ಒಂದೊಂದು ಸುತ್ತಿನಲ್ಲಿ ಎರಡು ಮೂರು ದಿನ ಬಿಡದೆ ಸುರಿದು, ಬೆಳಗಾಗುವಷ್ಟರಲ್ಲಿ ಸೊಂಟದ ಮಟ್ಟ ಬಿದ್ದಿರುವುದೂ ಉಂಟು. ಕಾಶ್ಮೀರದ ಚಳಿಗಾಲಕ್ಕೆ ಅದರದೇ ಪಂಚಾಂಗ ಇದೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್, ಕೊನೆಗೆ ಹತ್ತು ದಿನ ಚಿಲ್ಲೈ ಬಚ್ಚಾ. ಮೊದಲ ಹಿಮ ಬಿದ್ದಾಗ ಒಬ್ಬರಿಗೊಬ್ಬರು ‘ನವ್ ಶೀನ್ ಮುಬಾರಕ್’ ಎಂದು ಹಾರೈಸಿಕೊಳ್ಳುವ ರೂಢಿ ಇನ್ನೂ ಇದೆ. ಹಿಮಕ್ಕಾಗಿ ಹೋಗುವವರು ಜನವರಿಯ ಮಧ್ಯದಿಂದ ಫೆಬ್ರುವರಿಯ ಕೊನೆಯವರೆಗಿನ ವಾರಗಳನ್ನು ಆರಿಸಿಕೊಳ್ಳಬೇಕು. ಕ್ರಿಸ್‌ಮಸ್, ಹೊಸ ವರ್ಷದ ವಾರದಲ್ಲಿ ಜನ ಖಚಿತ, ಹಿಮ ಖಚಿತವಲ್ಲ. ಮಕ್ಕಳ ಜೊತೆ ಕಲಿಯಲು ಹೋಗುವವರಿಗೆ ಮಾರ್ಚ್ ಮೊದಲ ವಾರಗಳು ಚೆನ್ನ. ಬಿಸಿಲಿರುತ್ತದೆ, ಹಿಮ ಮೆತ್ತಗಿರುತ್ತದೆ, ಕೋಣೆಯ ಬಾಡಿಗೆಯೂ ಇಳಿದಿರುತ್ತದೆ.

ಹಿಮ ಸುರಿದ ಮರುದಿನ ಆಕಾಶ ನೀಲಿಯಾಗಿ ತೆರೆದುಕೊಂಡರೂ ಎರಡನೇ ಹಂತ ಮುಚ್ಚಿರುತ್ತದೆ. ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ಮಾಡಿಸಿಕೊಂಡು ಬಂದವರು ಗೊಣಗುತ್ತಾರೆ. ಮುಚ್ಚುವುದಕ್ಕೆ ಕಾರಣ ಮೇಲಿನ ಗಾಳಿ, ಅದಕ್ಕಿಂತ ಹೆಚ್ಚಾಗಿ ಹಿಮಕುಸಿತದ ಭಯ. ಹೊಸ ಹಿಮ ಹಳೆಯ ಹಿಮಕ್ಕೆ ಅಂಟಿಕೊಳ್ಳಲು ಹೊತ್ತು ಬೇಕು. ಇಳಿಜಾರು ಕಾಯುವ ಸ್ಕೀ ಪಟ್ರೋಲ್ ತಂಡ ಮೇಲೆ ಹೋಗಿ, ಸ್ಫೋಟಕ ಬಳಸಿ ಸಡಿಲವಾದದ್ದನ್ನು ತಾನೇ ಕೆಡವಿ, ಬೋಗುಣಿ ಸುರಕ್ಷಿತ ಎಂದ ಮೇಲೆ ಬಾಗಿಲು ತೆರೆಯುವುದು.

ಹಿಮ ಕಡಿಮೆ ಬಿದ್ದ ವರ್ಷ ಅಪಾಯವೂ ಕಡಿಮೆ ಎಂದು ನಮಗೆ ತೋರುತ್ತದೆ. ನಿಜ ಹೆಚ್ಚಾಗಿ ತದ್ವಿರುದ್ಧ. ಡಿಸೆಂಬರಿನಲ್ಲಿ ತೆಳುವಾಗಿ ಬಿದ್ದ ಹಿಮ ವಾರಗಟ್ಟಲೆ ಒಣ ಚಳಿಯಲ್ಲಿ ಹಾಗೇ ಉಳಿದರೆ, ನೆಲದ ಬಿಸಿಗೂ ಮೇಲಿನ ಚಳಿಗೂ ನಡುವೆ ಸಿಕ್ಕು, ಅದರ ಹರಳುಗಳು ಒಂದಕ್ಕೊಂದು ಅಂಟದ ಒರಟು ಕಾಳುಗಳಾಗುತ್ತವೆ. ಫೆಬ್ರುವರಿಯಲ್ಲಿ ದೊಡ್ಡ ಹಿಮ ಬಂದು ಅದರ ಮೇಲೆ ಗಟ್ಟಿ ಚಪ್ಪಡಿಯಾಗಿ ಕೂರುತ್ತದೆ. ರಾಗಿ ಹರವಿದ ನೆಲದ ಮೇಲೆ ಹಲಗೆ ಇಟ್ಟು ಅದರ ಮೇಲೆ ನಿಂತ ಹಾಗೆ. ಮೂವತ್ತರಿಂದ ನಲವತ್ತೈದು ಡಿಗ್ರಿ ಇಳಿಜಾರಿನಲ್ಲಿ ಒಬ್ಬ ಸ್ಕೀಯರನ ಭಾರವೇ ಸಾಕು, ಇಡೀ ಚಪ್ಪಡಿ ಬಿರುಕು ಬಿಟ್ಟು ಹೊರಡುತ್ತದೆ. 2010ರ ಫೆಬ್ರುವರಿಯಲ್ಲಿ ಖಿಲನ್‌ಮಾರ್ಗದ ಬಳಿ ತರಬೇತಿಯಲ್ಲಿದ್ದ 17 ಸೈನಿಕರು ಹಿಮಕುಸಿತಕ್ಕೆ ಬಲಿಯಾದರು. ಬೆಟ್ಟವನ್ನು ಬಲ್ಲವರೇ ಅವರು. 2023ರ ಫೆಬ್ರುವರಿ 1ರಂದು ಅಫರ್ವಾಟ್ ಬದಿಯ ಹಾಪತ್‌ಖುಡ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿಯಲ್ಲಿ ರಷ್ಯಾದ ಒಬ್ಬರು ತೀರಿಕೊಂಡರು. ಪಟ್ರೋಲ್ ತಂಡದ ಕೈಗೆ ಬರುವುದು ಗೊಂಡೋಲಾದ ಕೆಳಗಿನ ಬೋಗುಣಿ ಮಾತ್ರ. ಅದರ ಎಡಬಲದ ಬೆಟ್ಟವೆಲ್ಲ ಅವರ ಕಾವಲಿನ ಆಚೆಗಿದೆ.

ಹಾಗಾಗಿ ಪಳಗಿದ ಸ್ಕೀಯರ್ ಆದರೂ ಆ ಕಾವಲಿನ ಗೆರೆ ದಾಟುವ ಮೊದಲು ಸ್ಥಳೀಯ ಗೈಡ್, ಹೂತವರ ಜಾಗ ಸೂಚಿಸುವ ಟ್ರಾನ್ಸೀವರ್, ಹಿಮ ಚುಚ್ಚಿ ನೋಡುವ ಪ್ರೋಬ್ ಕಡ್ಡಿ, ಸಲಿಕೆ ಎಲ್ಲವೂ ಇರಬೇಕು. ಅವುಗಳನ್ನು ಬಳಸಿ ಅಭ್ಯಾಸವಿರುವ ಜೊತೆಗಾರರೂ ಬೇಕು. ಹಿಮದಡಿ ಹೂತವರು ಬದುಕುವ ಅವಕಾಶ ಮೊದಲ ಕಾಲು ಗಂಟೆಯ ನಂತರ ಸರಸರನೆ ಕುಸಿಯುತ್ತದೆ. ಕೆಳಗಿನಿಂದ ನೆರವು ಬರುವಷ್ಟು ವ್ಯವಧಾನ ಇರುವುದಿಲ್ಲ, ಪಕ್ಕದಲ್ಲಿದ್ದವರೇ ಅಗೆದು ತೆಗೆಯಬೇಕು. ಇದೆಲ್ಲ ನನಗೇಕೆ ಎಂದು ಕಲಿಯುವವರಿಗೆ ಅನಿಸಬಹುದು. ಗೊಂಡೋಲಾ ಮುಚ್ಚಿದ ಬೆಳಿಗ್ಗೆ ಅಲ್ಲಿಯ ಸಿಬ್ಬಂದಿಯ ಮೇಲೆ ರೇಗದೆ ಇರಲಿಕ್ಕಾದರೂ ಇದು ತಿಳಿದಿರಬೇಕು. ಗಾಳಿ ವಿಷಯದಲ್ಲೂ ಅಷ್ಟೆ. 2017ರ ಜೂನ್‌ನಲ್ಲಿ ಬಿರುಗಾಳಿಗೆ ಮರ ಉರುಳಿ ಕೇಬಲ್ ಮೇಲೆ ಬಿದ್ದು ಏಳು ಮಂದಿ ಸತ್ತರು. ಗಾಳಿಯೆಂದು ನಿಲ್ಲಿಸಿದ್ದಾರೆ ಎಂದರೆ ಕೃತಜ್ಞರಾಗಿರೋಣ.

ಮುಚ್ಚಿದ ದಿನ ಕೋಣೆಯಲ್ಲಿ ಕೂರಬೇಕಿಲ್ಲ. ಕಾಡಿನೊಳಗೆ ಗಾಳಿ ತಾಕುವುದಿಲ್ಲ, ಮೋಡ ಕವಿದು ಎಲ್ಲ ಬೆಳ್ಳಗಾದಾಗಲೂ ಮರಗಳ ಗುರುತಿನಿಂದ ಏರಿಳಿತ ತಿಳಿಯುತ್ತದೆ. ಬಾಬಾ ರೇಶಿ ದರ್ಗಾದ ಕಡೆಗೆ ಇಳಿಯುವ ಕಾಡುದಾರಿ ಸ್ವಲ್ಪ ಪಳಗಿದವರಿಗೆ ಅಂಥ ದಿನಗಳ ವರ. ಹದಿನೈದನೇ ಶತಮಾನದ ಸಂತರ ಆ ದರ್ಗಾದ ಬಳಿ ಸ್ಕೀ ಕಳಚಿಟ್ಟು, ಚಹಾ ಕುಡಿದು, ಜೀಪಿನಲ್ಲಿ ಮೇಲೆ ಮರಳುವುದು ಇಲ್ಲಿಯವರ ರೂಢಿ. ಇನ್ನೂ ಕಲಿಯುತ್ತಿರುವವರು ಗಾಲ್ಫ್ ಬಯಲಿನಲ್ಲಿ ನಾರ್ಡಿಕ್ ಸ್ಕೀ ಹಾಕಿ ನೋಡಿ. ಬೂಟಿನ ಮುಂತುದಿ ಮಾತ್ರ ಸ್ಕೀಗೆ ಸೇರಿದ್ದು, ಹಿಮ್ಮಡಿ ಮೇಲೇಳುತ್ತದೆ. ಸಮತಟ್ಟಿನಲ್ಲಿ ದಾಪುಗಾಲು ಹಾಕಿ ಜಾರುತ್ತ ಹೋಗುವ ಆಟ. ಉಸಿರು ಕಟ್ಟಿಸುವಷ್ಟು ಶ್ರಮ ಇದರಲ್ಲಿದೆ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕೂಟಗಳಲ್ಲಿ ಇದೇ ಗುಲ್ಮಾರ್ಗದಲ್ಲಿ ಈ ಆಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟವರು. ಹಿಮವೇ ಬೀಳದ ನಾಡಿನ ಹೆಣ್ಣುಮಗಳು ಹಿಮದೂರಿನವರ ಎದುರು ಗೆದ್ದದ್ದು ನೆನೆದಾಗಲೆಲ್ಲ ಎದೆಯುಬ್ಬುತ್ತದೆ. ‘ನಮ್ಮಂಥವರಿಗಲ್ಲ’ ಎನ್ನುವವರಿಗೆ ನಾನು ಕೊಡುವ ಉತ್ತರ ಅವರ ಹೆಸರು.

ಊರಿನವರ ಹೆಮ್ಮೆಯೂ ಕಡಿಮೆಯಿಲ್ಲ. 1988ರಲ್ಲೇ ಗುಲ್ ಮುಸ್ತಫಾ ದೇವ್ ಕ್ಯಾಲ್ಗರಿ ಒಲಿಂಪಿಕ್ಸ್‌ಗೆ ಹೋಗಿ ಬಂದಿದ್ದರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದಿಂದ ಹೋದ ಒಬ್ಬನೇ ಕ್ರೀಡಾಪಟು ತಂಗ್‌ಮಾರ್ಗದ ಆರಿಫ್ ಖಾನ್. ಜಯಂಟ್ ಸ್ಲಾಲಂನಲ್ಲಿ ಅವರು 45ನೆಯವರಾಗಿ ಮುಗಿಸಿದರು. ಅವರ ತಂದೆ ಗುಲ್ಮಾರ್ಗದಲ್ಲಿ ಸ್ಕೀ ಅಂಗಡಿ ನಡೆಸಿದವರು. ಬಾಡಿಗೆ ಅಂಗಡಿಯಲ್ಲಿ ಬೂಟಿನ ಕೊಂಡಿ ಹಾಕಿಕೊಡುವ ಹುಡುಗನನ್ನು ಈ ಕಣ್ಣಿನಿಂದ ನೋಡಿ ಎಂದು ನನ್ನ ಕೋರಿಕೆ.

ಹೋಗುವ ದಾರಿ, ಉಳಿಯುವ ಕೋಣೆ

ಶ್ರೀನಗರದಿಂದ ಗುಲ್ಮಾರ್ಗ ಸುಮಾರು 50 ಕಿಲೋಮೀಟರ್. ಕೊನೆಯ 13 ಕಿಲೋಮೀಟರ್, ತಂಗ್‌ಮಾರ್ಗದಿಂದ ಮೇಲಕ್ಕೆ, ಹಿಮ ಬಿದ್ದ ದಿನ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗಳಿಗೆ ಮಾತ್ರ ದಾರಿ. ಶ್ರೀನಗರದ ಟ್ಯಾಕ್ಸಿ ತಂಗ್‌ಮಾರ್ಗದಲ್ಲೇ ನಿಂತು, ಸ್ಥಳೀಯ ಗಾಡಿಗೆ ಬದಲಿಸಬೇಕಾಗುತ್ತದೆ. ಇದಕ್ಕೆ ಹಣ ಬೇರೆ, ಮೊದಲೇ ತೆಗೆದಿಟ್ಟುಕೊಳ್ಳಿ. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಗಡಿ ನಿಯಂತ್ರಣ ರೇಖೆ ಹತ್ತಿರ ಇರುವುದರಿಂದ ಡ್ರೋನ್ ತೆಗೆದುಕೊಂಡು ಹೋಗಲೇಬೇಡಿ. ಹಿಮ ಬಿದ್ದು ಶ್ರೀನಗರದ ವಿಮಾನ ರದ್ದಾದರೆ ಮೊದಲು ದಿಕ್ಕೇ ತೋಚುತ್ತಿರಲಿಲ್ಲ. 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ವಂದೇ ಭಾರತ್ ರೈಲು ಓಡುತ್ತಿರುವುದು ದೊಡ್ಡ ಅನುಕೂಲ.

ಕೋಣೆ ಹಿಡಿಯುವಾಗ ನೋಟದ ಬಗ್ಗೆ ಕೇಳುವುದಕ್ಕಿಂತ ಬಿಸಿ ಹೇಗೆ ಎಂದು ಕೇಳಿ. ಬುಖಾರಿ ಎಂಬ ಸೌದೆ ಒಲೆ, ವಿದ್ಯುತ್ ಕಂಬಳಿ, ಕರೆಂಟು ಹೋದಾಗ ಜನರೇಟರ್ ಎಷ್ಟು ಗಂಟೆ, ಇವಿಷ್ಟೂ ತಿಳಿಯಬೇಕು. ಬುಖಾರಿ ಇರುವ ಕೋಣೆಯಲ್ಲಿ ಮಲಗುವಾಗ ಕಿಟಕಿ ಒಂದು ಬೆರಳಷ್ಟಾದರೂ ತೆರೆದಿರಲಿ, ಮುಚ್ಚಿದ ಕೋಣೆಯ ಹೊಗೆಗಾಳಿ ಕಾಶ್ಮೀರದಲ್ಲಿ ಚಳಿಗಾಲ ಬಂದಾಗಲೆಲ್ಲ ಜೀವ ತೆಗೆಯುತ್ತದೆ. ಒದ್ದೆ ಬೂಟಿನ ಒಳಚೀಲ ಬಿಚ್ಚಿ ಒಲೆಯಿಂದ ತುಸು ದೂರ ಒಣಗಿಸಿ. ಊಟದ ಚಿಂತೆ ಬೇಡ. ಕಾಶ್ಮೀರಿಗಳು ನಮ್ಮ ಹಾಗೇ ಅನ್ನ ಉಣ್ಣುವವರು. ಹಾಖ್ ಸೊಪ್ಪಿನ ಸಾರು, ರಾಜ್ಮಾ, ತಾವರೆ ದಂಟಿನ ನದ್ರು, ಬೇಸಿಗೆಯಲ್ಲಿ ಒಣಗಿಸಿಟ್ಟ ತರಕಾರಿಗಳ ಪಲ್ಯ, ಇವು ಹೋಟೆಲ್ಲಿನ ಮೆನುವಿನಲ್ಲಿ ಇಲ್ಲದಿದ್ದರೂ ಕೇಳಿದರೆ ಅಡುಗೆಯವರು ತಮಗಾಗಿ ಮಾಡಿದ್ದನ್ನೇ ಬಡಿಸುತ್ತಾರೆ.

ವಿಮೆಯ ಕಾಗದವನ್ನು ಒಮ್ಮೆ ಓದಿ. ಬಹಳಷ್ಟು ಪ್ರವಾಸ ವಿಮೆಗಳು ಸ್ಕೀಯಿಂಗನ್ನು ಹೊರಗಿಟ್ಟಿರುತ್ತವೆ. ಮೂಳೆ ಮುರಿದರೆ ಕೊನೆಗೆ ಸೇರಬೇಕಾದದ್ದು ಶ್ರೀನಗರದ ಬರ್ಜುಲ್ಲಾದಲ್ಲಿರುವ ಸರ್ಕಾರಿ ಮೂಳೆ ಆಸ್ಪತ್ರೆಗೆ.

2025ರ ಏಪ್ರಿಲ್ ತಿಂಗಳ ಪಹಲ್‌ಗಾಮ್ ಪ್ರವಾಸಿಗರ ಹತ್ಯಾಕಾಂಡವನ್ನು ಬಿಟ್ಟು ಈ ಲೇಖನ ಬರೆಯಲಾಗದು. ಸತ್ತವರಲ್ಲಿ ಕನ್ನಡಿಗರೂ ಇದ್ದರು. ಹೋಗಲು ಹಿಂಜರಿಯುವ ಮನೆಯವರಿಗೆ ಒತ್ತಾಯಿಸುವ ಹಕ್ಕು ನನಗಿಲ್ಲ. ಹೊರಡುವ ವಾರ ಸರ್ಕಾರದ ಸೂಚನೆಗಳನ್ನು ನೋಡಿ, ಗುಲ್ಮಾರ್ಗದಲ್ಲಿರುವ ನಿಮ್ಮ ಶಿಕ್ಷಕರಿಗೇ ಫೋನ್ ಮಾಡಿ ಕೇಳಿ, ಆಮೇಲೆ ತೀರ್ಮಾನಿಸಿ. ಆ ಘಟನೆಯ ನಂತರ ಪ್ರವಾಸಿಗರು ಕಡಿಮೆಯಾದದ್ದರ ಏಟು ಬಿದ್ದದ್ದು ಸ್ಲೆಡ್ಜ್ ಎಳೆಯುವವರ, ಕಲಿಸುವವರ ಮನೆಗಳಿಗೆ ಎಂಬುದನ್ನಷ್ಟೇ ಹೇಳಬಲ್ಲೆ.

ಅವರಿಗೆ ಇನ್ನೊಂದು ಚಿಂತೆಯೂ ಇದೆ. 2024ರ ಜನವರಿಯಲ್ಲಿ ಗುಲ್ಮಾರ್ಗದ ಬಯಲು ಕಂದು ಹುಲ್ಲಾಗಿಯೇ ಉಳಿಯಿತು, ಹಿಮ ಬಂದದ್ದು ತಿಂಗಳ ಕೊನೆಗೆ. 2025ರಲ್ಲಿ ಫೆಬ್ರುವರಿಯ ಖೇಲೋ ಇಂಡಿಯಾ ಕೂಟವನ್ನು ಹಿಮವಿಲ್ಲದೆ ಮಾರ್ಚ್‌ಗೆ ಮುಂದೂಡಬೇಕಾಯಿತು. ಅಂಥ ವಾರಗಳಲ್ಲಿ ಬುಕಿಂಗ್ ರದ್ದು ಮಾಡುವವರೇ ಹೆಚ್ಚು. ಕಲಿಯುವವರು ರದ್ದು ಮಾಡಬೇಕಿಲ್ಲ. ಊರಿನ ಬಯಲಿನಲ್ಲಿ ಇಲ್ಲದ ಹಿಮ ಎಷ್ಟೋ ಸಲ ಕಾಂಗ್‌ಡೂರಿಯಲ್ಲಿ ಪಾಠಕ್ಕೆ ಸಾಲುವಷ್ಟು ಇರುತ್ತದೆ. ಶಿಕ್ಷಕರ ಕೈ ಖಾಲಿಯಿರುತ್ತದೆ, ಇಡೀ ದಿನದ ಗಮನ ನಿಮಗೊಬ್ಬರಿಗೇ ಸಿಗುತ್ತದೆ. ರದ್ದು ಮಾಡುವ ಮೊದಲು ಮೇಲೆ ಹಿಮ ಎಷ್ಟಿದೆ ಎಂದು ಶಿಕ್ಷಕರನ್ನೇ ಕೇಳಿ. ಇಲ್ಲವೇ ಇಲ್ಲ ಎಂದರೆ ತಾರೀಖನ್ನು ಮಾರ್ಚ್‌ಗೆ ಬದಲಿಸಿಕೊಳ್ಳಿ, ಕೊಟ್ಟ ಮುಂಗಡವನ್ನು ವಾಪಸು ಕೇಳದೆ ಅವರ ಹತ್ತಿರವೇ ಬಿಡಿ.